ಗುಂಡಿ ಡಬ್ಬಿಯ ಚಿಯಾ ಬೀಜ

ಕೂತು ಕೆಲಸ ಮಾಡುವವರಿಗೆ ಒಂದು ತೊಂದರೆ ಇರುತ್ತದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬೆನ್ನು ನೋವು ಅಂದರೆ ಎಲ್ಲರೂ ಬಂದು ಎಣ್ಣೆ ಹಚ್ಚು, ಬಿಸಿನೀರು ಹಾಕು ಅನ್ನುತ್ತಾರೆ. ಬೆಳಿಗ್ಗೆ ಹೊಟ್ಟೆ ಸಾಫಾಗುತ್ತಿಲ್ಲ ಅಂದರೆ ನಕ್ಕು ಬೇರೆ ಮಾತು ತೆಗೆಯುತ್ತಾರೆ. ಹಾಗಾಗಿ ಈ ಕಥೆಯನ್ನು ನಾವೇ ಹೇಳಬೇಕಾಗಿದೆ. ನಗುವವರು ನಗಲಿ, ಕೊನೆಯ ತನಕ ಓದಿದರೆ ಸಾಕು.

ಒಬ್ಬರು ಟೈಲರ್ ಇದ್ದರು. ಬೀದಿಯವರೆಲ್ಲ ಅವರನ್ನು ಮಾಸ್ಟರ್ ಅನ್ನುತ್ತಿದ್ದರು. ಅವರ ಅಂಗಡಿ ಅಂದರೆ ಮನೆಯ ಮುಂದಿನ ಕೋಣೆ. ಕಿಟಕಿಯ ಬೆಳಕಿಗೆ ಹೊಲಿಗೆ ಮಿಷನ್ನು, ನಡುವೆ ಬಟ್ಟೆ ಕತ್ತರಿಸುವ ಮೇಜು, ಗೋಡೆಯ ತುಂಬ ಹೊಲಿದು ತೂಗುಹಾಕಿದ ಅಂಗಿಗಳು. ಒಳಬಾಗಿಲ ಪಕ್ಕದ ಸ್ಟೂಲಿನ ಮೇಲೆ ಅವರ ಹೆಂಡತಿ ಕೂತು ಹುಕ್ಕು ಹಾಕುತ್ತಿದ್ದರು, ಗುಂಡಿ ತೂರುವ ಕಾಜಾ ಕಟ್ಟುತ್ತಿದ್ದರು. ಒಳಬಾಗಿಲಿಗೆ ಅಡ್ಡವಾಗಿ ಒಂದು ಕುರ್ಚಿ. ಅದರಲ್ಲಿ ಮಾಸ್ಟರ್ ಅವರ ಅಮ್ಮ.

ಆ ಕುರ್ಚಿ ಅಲ್ಲಿರುವುದಕ್ಕೆ ಕಾರಣವಿತ್ತು. ಆ ಮನೆಯಲ್ಲಿ ಒಂದು ಕಟ್ಟುನಿಟ್ಟು. ಹೊಲಿಗೆ ಕೋಣೆಗೆ ನೀರು ಬರಬಾರದು.

ಕಟ್ಟುನಿಟ್ಟು ಮಾಡಿದವರು ಮಾಸ್ಟರ್ ಅವರ ಅಪ್ಪ. ಅವರೂ ಟೈಲರ್. ಯಾವುದೋ ಕಾಲದಲ್ಲಿ ಒಂದು ಲೋಟ ನೀರು ಮೇಜಿನ ಮೇಲೆ ಉರುಳಿ, ಕತ್ತರಿಸಿಟ್ಟಿದ್ದ ರೇಷ್ಮೆ ಬಟ್ಟೆಗೆ ಕಲೆಯಾಯಿತು. ಬಟ್ಟೆ ಕೊಟ್ಟವರು ಬೀದಿಯಲ್ಲಿ ನಿಂತು ಮಾನ ಹರಾಜು ಹಾಕಿ ಹೋದರು. ಅಂದಿನಿಂದ ಕಾಫಿ, ಟೀ, ನೀರು ಏನಿದ್ದರೂ ಅಡುಗೆ ಮನೆಯಲ್ಲಿ. ಇಸ್ತ್ರಿಗೆ ಚಿಮುಕಿಸುವ ನೀರೂ ಒಳಗೇ. ಅಪ್ಪ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಕಾವಲು ಮಾತ್ರ ತಪ್ಪಿರಲಿಲ್ಲ. ಅಳತೆ ಕೊಡಲು ಬಂದವರ ಕೈಯಲ್ಲಿ ಬಾಟಲಿ ಕಂಡರೂ ಅಮ್ಮ ಕುರ್ಚಿಯಿಂದಲೇ ಹೇಳುತ್ತಿದ್ದರು. "ಅದನ್ನ ಹೊರಗಡೆ ಇಟ್ಟು ಬನ್ನಿಪ್ಪ."

ಇದರಿಂದ ಬಟ್ಟೆಗೆ ಒಳ್ಳೆಯದಾಯಿತು. ಮಾಸ್ಟರ್ ಹೊಟ್ಟೆಗೆ ಆಗಲಿಲ್ಲ. ನೀರು ಕುಡಿಯಬೇಕು ಅಂದರೆ ಮಿಷನ್ನು ನಿಲ್ಲಿಸಬೇಕು, ಕನ್ನಡಕ ತೆಗೆದಿಡಬೇಕು, ಮೇಜು ಸುತ್ತಬೇಕು, ಅಮ್ಮನ ಕುರ್ಚಿ ದಾಟಬೇಕು. ಈ ತೋಳು ಮುಗಿಯಲಿ, ಆಮೇಲೆ ಕುಡಿದರಾಯಿತು ಅಂದುಕೊಳ್ಳುತ್ತಿದ್ದರು. ತೋಳು ಮುಗಿದರೆ ಕಾಲರು ಬರುತ್ತಿತ್ತು. ಮಧ್ಯಾಹ್ನ ಊಟಕ್ಕೆ ಎದ್ದಾಗ ಕುಡಿದದ್ದೇ ನೀರು. ಬೆಳಿಗ್ಗೆ ಬಚ್ಚಲ ಕಡೆ ಹೋದವರು ಪೇಪರು ಪೂರ್ತಿ ಓದಿ ಬಂದರೂ ಮುಖ ಗಂಟಿಕ್ಕಿಯೇ ಇರುತ್ತಿತ್ತು.

ಎದುರು ಮನೆಯಲ್ಲಿ ಒಬ್ಬ ನರ್ಸಮ್ಮ ಇದ್ದರು. ಆರೋಗ್ಯ ಕೇಂದ್ರದಲ್ಲಿ ಕೆಲಸ. ಒಂದು ದಿನ ಕೋಟಿನ ತೋಳು ಗಿಡ್ಡ ಮಾಡಿಸಲು ಬಂದಾಗ ಮಾಸ್ಟರ್ ಮೆಲ್ಲಗೆ ವಿಷಯ ತೆಗೆದರು.

"ನೀರು ಎಷ್ಟು ಕುಡೀತೀರಣ್ಣ?" ನರ್ಸಮ್ಮ ಕೇಳಿದರು.

"ಕುಡೀತೀನಮ್ಮ. ಊಟದ ಹೊತ್ತಲ್ಲಿ."

"ಊಟದ ಹೊತ್ತಲ್ಲಿ ಎಲ್ರೂ ಕುಡೀತಾರೆ. ಉಳಿದ ಹೊತ್ತು?"

ಮಾಸ್ಟರ್ ಅಳತೆ ಪಟ್ಟಿ ಸುತ್ತುತ್ತ ಕೂತರು. ನೀರು ಹೆಚ್ಚು ಕುಡಿಯಿರಿ, ಸೊಪ್ಪು ತರಕಾರಿ ತಿನ್ನಿ, ಸಂಜೆ ನಾಲ್ಕು ಹೆಜ್ಜೆ ನಡೆಯಿರಿ ಎಂದು ಹೇಳಿ ನರ್ಸಮ್ಮ ಹೋದರು. ಮಾಸ್ಟರ್ ಎಲ್ಲದಕ್ಕೂ ತಲೆಯಾಡಿಸಿದರು. ತಲೆಯಾಡಿಸುವುದರಲ್ಲಿ ಅವರಿಗೆ ಯಾವ ಕಷ್ಟವೂ ಇರಲಿಲ್ಲ.

ಮುಂದಿನ ವಾರ ಗುಂಡಿ ತರಲು ಹೋದಾಗ ಗುಂಡಿ ಅಂಗಡಿಯವನು ಮೊಬೈಲಿನಲ್ಲಿ ಒಂದು ವೀಡಿಯೊ ತೋರಿಸಿದ. ಚಿಯಾ ಬೀಜ. ನಾರಿನಂಶ ತುಂಬಾ ಇದೆ, ಹೊಟ್ಟೆಗೆ ಒಳ್ಳೆಯದು, ದಿನಕ್ಕೆ ಒಂದು ಚಮಚ. ಅಷ್ಟರಲ್ಲಿ ಯಾರೋ ಜಿಪ್ಪು ಕೇಳಿಕೊಂಡು ಬಂದರು. ವೀಡಿಯೊ ಅರ್ಧಕ್ಕೆ ನಿಂತಿತು. ನೆನೆಸಿ ತಿನ್ನಬೇಕು ಎನ್ನುವ ಮಾತು ಉಳಿದರ್ಧದಲ್ಲಿತ್ತು.

ಮಾಸ್ಟರ್ ಬರುವ ದಾರಿಯಲ್ಲೇ ಒಂದು ಪ್ಯಾಕೆಟ್ಟು ತಂದರು. ಹೆಂಡತಿ ಅಂಗೈಗೆ ಸುರಿದುಕೊಂಡು ನೋಡಿದರು. ಕಪ್ಪು, ಬೂದು, ನಡುನಡುವೆ ಬಿಳಿ.

"ಇದೇನ್ರೀ, ಕಾಮಕಸ್ತೂರಿ ಬೀಜನಾ?"

"ಅಲ್ಲ ಕಣೆ, ಚಿಯಾ. ಫಾರಿನ್ನಿಂದು."

"ಹಕ್ಕಿಗೆ ಹಾಕೋ ಕಾಳಿನ ಥರ ಇದೆ. ಫಾರಿನ್ ಹೊಟ್ಟೆಗೆ ಸರಿ ಇರಬಹುದು. ನಿಮ್ಮ ಹೊಟ್ಟೆ ಈ ಬೀದೀಲಿ ಹುಟ್ಟಿದ್ದು."

"ಗೊತ್ತಿಲ್ದೆ ಮಾತಾಡ್ಬೇಡ."

"ಸರಿಯಪ್ಪ, ನಂಗೇನೂ ಗೊತ್ತಿಲ್ಲ," ಎಂದು ಹೆಂಡತಿ ಮೂಗು ಮುರಿದು ಕಾಜಾ ಕಟ್ಟಲು ಕೂತರು.

ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಬಳಸುವ ವಿಧಾನ ಬರೆದಿತ್ತು. ಕಪ್ಪು ಬಟ್ಟೆಯಲ್ಲಿ ಕಪ್ಪು ನೂಲು ಎಲ್ಲಿ ಬಿಟ್ಟಿದೆ ಎಂದು ಹೇಳಬಲ್ಲ ಮಾಸ್ಟರ್ ಅದನ್ನು ಓದಲಿಲ್ಲ. ಅಡುಗೆ ಮನೆಯಲ್ಲಿಟ್ಟರೆ ಮರೆತುಹೋಗುತ್ತದೆ ಎಂದು ಬೀಜವನ್ನು ಗುಂಡಿ ಡಬ್ಬಿಗೆ ಸುರಿದುಕೊಂಡರು. ಆ ಡಬ್ಬಿಯಲ್ಲಿ ಖಾನೆಗಳಿದ್ದವು. ಅಂಗಿಗೆ ಹಾಕುವ ಬಿಳಿ ಗುಂಡಿ, ಕೋಟಿಗೆ ಹಾಕುವ ಕಂದು ಗುಂಡಿ, ಪ್ರೆಸ್ ಬಟನ್ನು. ಖಾಲಿ ಇದ್ದ ಖಾನೆಯಲ್ಲಿ ಈಗ ಚಿಯಾ.

ಒಂದು ಹೊಲಿಗೆ ಮುಗಿದರೆ ಒಂದು ಚಿಟಿಕೆ ಬಾಯಿಗೆ. ನೀರಿನ ಮಾತೇ ಇಲ್ಲ, ಆ ಕೋಣೆಗೆ ನೀರು ಬರುವಂತಿಲ್ಲವಲ್ಲ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಗಿರಾಕಿಗಳ ಜೊತೆ ಮಾತಾಡುವ ಮನುಷ್ಯ ಅವರು. ಒಣ ಬೀಜ ಅವರಿಗೆ ಒಂದು ಲೆಕ್ಕವೇ ಆಗಿರಲಿಲ್ಲ.

ಹೊಟ್ಟೆ ಸರಿಹೋಗಲಿಲ್ಲ. ಇದ್ದದ್ದೂ ಕೆಟ್ಟಿತು. ಉಬ್ಬರ, ಹಿಡಿದಂತೆ ನೋವು, ಊಟ ಸೇರದು. ಹೆಂಡತಿ ನಿಲ್ಲಿಸಿ ಅಂದರು. ಶುರುವಿನಲ್ಲಿ ಹಾಗೇ ಇರುತ್ತದೆ ಎಂದು ಮಾಸ್ಟರ್ ಚಿಟಿಕೆಯನ್ನು ಚಮಚಕ್ಕೆ ಏರಿಸಿದರು. ಪ್ರಮಾಣ ಸಾಲದು ಎಂಬುದು ಅವರ ತೀರ್ಮಾನವಾಗಿತ್ತು.

ಒಂದು ದಿನ ಹೋಟೆಲೊಂದರ ಕೆಲಸದವರ ಕೋಟುಗಳನ್ನು ಸಂಜೆಯೊಳಗೆ ಕೊಡಬೇಕಿತ್ತು. ಮಾಸ್ಟರ್ ಊಟಕ್ಕೆ ಏಳಲಿಲ್ಲ. ಹಸಿವಾದಾಗ ಡಬ್ಬಿಯಿಂದ ಒಂದು ಹಿಡಿ ಚಿಯಾ ಬಾಯಿಗೆ ಹಾಕಿ ನುಂಗಿದರು. ಗಂಟಲು ಕೆರೆದ ಹಾಗಾಯಿತು. ಒಳಗೆ ಹೋಗಿ ಎರಡು ಗುಟುಕು ನೀರು ಕುಡಿದು ಬಂದು ಮತ್ತೆ ಮಿಷನ್ನು ತುಳಿದರು.

ಸ್ವಲ್ಪ ಹೊತ್ತಿಗೆ ಎದೆಯಲ್ಲಿ ಏನೋ ಕೂತ ಹಾಗೆ ಅನ್ನಿಸಿತು. ಉಗುಳು ನುಂಗಲು ನೋಡಿದರು. ಇಳಿಯಲಿಲ್ಲ. ಮತ್ತೆ ನೋಡಿದರು. ಉಗುಳು ಬಾಯಿಯ ಅಂಚಿನಲ್ಲಿ ಹರಿದು ಅಂಗಿಯ ಮೇಲೆ ಬಿತ್ತು. ಮಿಷನ್ನಿನ ಸದ್ದು ನಿಂತಿತು. ಹೆಂಡತಿ ತಲೆಯೆತ್ತಿ ನೋಡಿದಾಗ ಗಂಡ ಗಂಟಲು ಹಿಡಿದುಕೊಂಡು ಬಾಯಿ ತೆರೆದು ಕೂತಿದ್ದರು.

ಟೈಲರ್ ಹೆಂಡತಿಗೆ ಆ ಹೊತ್ತಿನಲ್ಲಿ ಹೊಳೆಯುವುದು ಒಂದೇ.

"ಪಿನ್ ನುಂಗಿದ್ರಾ?"

ಮಾಸ್ಟರ್ ಇಲ್ಲವೆಂದು ಕೈಯಾಡಿಸಿ ಗುಂಡಿ ಡಬ್ಬಿ ತೋರಿಸಿದರು.

"ಗುಂಡಿ ನುಂಗಿದ್ರಾ? ಅಯ್ಯೋ ದೇವ್ರೇ. ಅತ್ತೆ, ಇವ್ರು ಗುಂಡಿ ನುಂಗಿದ್ದಾರೆ."

ಅಮ್ಮ ಕುರ್ಚಿಯಿಂದೆದ್ದರು. ಮಗ ಚಿಕ್ಕವನಿದ್ದಾಗ ಮೀನಿನ ಮುಳ್ಳು ಸಿಕ್ಕಿಕೊಂಡಿತ್ತು. ಆಗ ಅನ್ನದ ಉಂಡೆ ನುಂಗಿಸಿದ್ದರು. ಈಗಲೂ ಅಡುಗೆ ಮನೆಗೆ ಹೋಗಿ ಅನ್ನ ಹಿಸುಕಿ ಉಂಡೆ ಕಟ್ಟಿ ತಂದರು. ಹೆಂಡತಿ ಲೋಟದಲ್ಲಿ ನೀರು ತಂದರು. ಅಷ್ಟರಲ್ಲಿ ಕೂಗು ಕೇಳಿ ಎದುರು ಮನೆಯ ನರ್ಸಮ್ಮ ಬಂದಿದ್ದರು.

"ಅತ್ತಿಗೆ, ನೀರು ಕೊಡ್ಬೇಡಿ. ಅಮ್ಮ, ಉಂಡೆ ಕೆಳಗಿಡಿ. ಬಾಯಿಗೆ ಏನೂ ಹೋಗಬಾರದು," ಎಂದು ನರ್ಸಮ್ಮ ಮಾಸ್ಟರ್ ಎದುರು ಮಂಡಿಯೂರಿದರು. "ಅಣ್ಣ, ಉಸಿರಾಡೋಕೆ ಆಗ್ತಿದೆಯಾ?"

ಮಾಸ್ಟರ್ ತಲೆಯಾಡಿಸಿದರು.

"ನುಂಗೋಕೆ ಆಗ್ತಿಲ್ವಾ? ಏನು ನುಂಗಿದ್ರಿ?"

ಮೇಜಿನ ಮೇಲೆ ಕಪ್ಪು ಕೋಟಿನ ಬಟ್ಟೆ ಹರಡಿತ್ತು. ಮಾಸ್ಟರ್ ಸೀಮೆಸುಣ್ಣದ ಚೂರು ತೆಗೆದುಕೊಂಡು ಅದರ ಮೇಲೆ "ಚಿಯಾ" ಎಂದು ಬರೆದರು. ಅಕ್ಷರ ಓರೆಯಾಗಿ ಬಂತು. ಇಷ್ಟು ವರ್ಷ ಆ ಕೈ ಬಟ್ಟೆಯ ಮೇಲೆ ಒಂದು ಗೆರೆಯನ್ನೂ ಸೊಟ್ಟ ಎಳೆದಿರಲಿಲ್ಲ.

"ನೆನೆಸಿದ್ರಾ?"

ಇಲ್ಲ ಎಂದು ಮಾಸ್ಟರ್ ಕೈಯಾಡಿಸಿದರು.

ನರ್ಸಮ್ಮ ತಕ್ಷಣ ಎದ್ದರು. ಅವರನ್ನು ಮುಂದಕ್ಕೆ ಬಾಗಿಸಿ ಕೂರಿಸಿ, ಉಗುಳು ಬಂದರೆ ಉಗಿಯಿರಿ ಎಂದು ಒಂದು ಟವೆಲ್ಲು ಕೊಟ್ಟು, ಆಟೋ ತರಿಸಿ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹೆಂಡತಿ ಗಂಡನ ಕೈ ಹಿಡಿದೇ ಇದ್ದರು. ಆಟೋದಲ್ಲಿ ಜಾಗವಿಲ್ಲದೆ ಅಮ್ಮ ಬಾಗಿಲಲ್ಲೇ ಉಳಿದರು. ಅನ್ನದ ಉಂಡೆ ಇನ್ನೂ ಕೈಯಲ್ಲೇ ಇತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಬಾಯಿಯ ಮೂಲಕ ಕ್ಯಾಮರಾ ಇರುವ ಸಣ್ಣ ನಳಿಗೆ ಇಳಿಸಿ ನೋಡಿದರು. ಅನ್ನನಾಳದಲ್ಲಿ ಬೀಜಗಳೆಲ್ಲ ನೀರು ಹೀರಿ ಊದಿಕೊಂಡು, ಒಂದಕ್ಕೊಂದು ಅಂಟಿ ಗಟ್ಟಿ ಲೋಳೆಯ ಮುದ್ದೆಯಾಗಿ ಕೂತಿದ್ದವು. ಅದನ್ನು ಸ್ವಲ್ಪಸ್ವಲ್ಪವಾಗಿ ಬಿಡಿಸಿ ದಾರಿ ಮಾಡಿದರು. ಜೀವಕ್ಕೆ ಅಪಾಯವಾಗಲಿಲ್ಲ. ಅನ್ನದ ಉಂಡೆ ಹಾಕಿದ್ದರೆ ಏನಾಗುತ್ತಿತ್ತು ಎಂದು ಹೆಂಡತಿ ಕೇಳಿದರು. ಮುದ್ದೆಯ ಮೇಲೆ ಇನ್ನೊಂದು ಮುದ್ದೆ ಕೂರುತ್ತಿತ್ತು, ಉಸಿರಿನ ದಾರಿಗೂ ಹೋಗಬಹುದಿತ್ತು ಎಂದು ಡಾಕ್ಟರು ಹೇಳಿದರು. ಹೆಂಡತಿ ಮನೆಗೆ ಬಂದು ಈ ಮಾತನ್ನು ಅತ್ತೆಗೆ ಹೇಳಲಿಲ್ಲ.

ಗಂಡನಿಗೆ ಹೇಳಿದ್ದು ಬೇರೆ ಮಾತು. "ನೀವು ಇನ್ನಿಲ್ಲ ಅಂತಲೇ ಅಂದ್ಕೊಂಡೆ ಕಣ್ರೀ. ನನ್ ಜೀವಾನೇ ಬಾಯಿಗೆ ಬಂದಿತ್ತು." ಮಾಸ್ಟರ್ ಗಂಟಲು ಇನ್ನೂ ನೋಯುತ್ತಿತ್ತು. ಹೆಂಡತಿಯ ಕೈಯನ್ನು ತಟ್ಟಿದರು.

ಮರುದಿನ ನರ್ಸಮ್ಮ ನೋಡಿಕೊಂಡು ಹೋಗಲು ಬಂದಾಗ ಚಿಯಾ ಪ್ಯಾಕೆಟ್ಟು ಕಸದ ಬುಟ್ಟಿಯಲ್ಲಿತ್ತು. ಹೆಂಡತಿ ಗುಂಡಿ ಡಬ್ಬಿಯಲ್ಲಿ ಉಳಿದಿದ್ದ ಬೀಜವನ್ನೂ ಅದಕ್ಕೇ ಸುರಿಯುವುದರಲ್ಲಿದ್ದರು.

"ಅತ್ತಿಗೆ, ಅದಿಷ್ಟು ನಂಗೆ ಕೊಡಿ," ಎಂದರು ನರ್ಸಮ್ಮ.

"ಯಾಕೆ, ನಿಮಗೂ ಆಸ್ಪತ್ರೆ ನೋಡಬೇಕಾ?"

"ನಾನು ದಿನಾ ನೋಡ್ತೀನಲ್ಲ. ಕೊಡಿ."

ಅಡುಗೆ ಮನೆಯಲ್ಲಿ ಎಲ್ಲರೂ ಕೂತರು. ನರ್ಸಮ್ಮ ಗಾಜಿನ ಲೋಟದ ತುಂಬ ನೀರು ಹಾಕಿ, ಒಂದು ಚಮಚ ಚಿಯಾ ಸುರಿದು ಚೆನ್ನಾಗಿ ಕಲಕಿದರು. "ಇದನ್ನ ಈಗ ಮುಟ್ಬೇಡಿ. ಹಾಗೇ ಇರ್ಲಿ."

"ಈ ಹಾಳು ಬೀಜ ಯಾವ ಊರಿಂದು?" ಅಮ್ಮ ಕೇಳಿದರು.

"ಮೆಕ್ಸಿಕೊ, ಗ್ವಾಟೆಮಾಲ ಕಡೇದು ಅಮ್ಮ. ತುಳಸಿ, ಪುದೀನ ಇದಾವಲ್ಲ, ಆ ಜಾತಿಯ ಗಿಡ. ಸಾವಿರಾರು ವರ್ಷದಿಂದ ಅಲ್ಲಿಯ ಜನ ತಿಂತಿದ್ರು. ಅಜ್ಟೆಕ್ ಅಂತ ಒಂದು ರಾಜ್ಯ ಇತ್ತು. ಜೋಳ, ಕಾಳು ಹೇಗೋ ಹಾಗೆ ಅವರಿಗೆ ಇದೂ ದಿನದ ಊಟ. ರಾಜನಿಗೆ ಕಪ್ಪ ಕೊಡೋವಾಗಲೂ ಇದನ್ನ ಕೊಡ್ತಿದ್ರಂತೆ, ದೇವರಿಗೂ ಇಡ್ತಿದ್ರಂತೆ."

"ಮತ್ತೆ ಇಷ್ಟು ದಿನ ನಮ್ಮ ಕಿವಿಗೆ ಬಿದ್ದಿರ್ಲಿಲ್ವಲ್ಲ."

"ಸ್ಪೇನ್‌ನವರು ಆ ರಾಜ್ಯ ಗೆದ್ರು. ಆಮೇಲೆ ಇದನ್ನ ಬೆಳೆಯೋದು ಕಡಿಮೆ ಆಯ್ತು. ಅಲ್ಲೊಂದು ಇಲ್ಲೊಂದು ಹಳ್ಳಿಯವರು ಬಿಡದೆ ಉಳಿಸ್ಕೊಂಡು ಬಂದ್ರು. ಈಗ ಸ್ವಲ್ಪ ವರ್ಷದಿಂದ ಮತ್ತೆ ಎಷ್ಟೋ ದೇಶದಲ್ಲಿ ಬೆಳೀತಿದ್ದಾರೆ."

"ಅವರಿಗೇನೂ ಗಂಟಲಿಗೆ ಸಿಕ್ಕಿಕೊಳ್ಳಲಿಲ್ವಾ?" ಹೆಂಡತಿ ಬಿಡಲಿಲ್ಲ.

"ಅವರು ಹುರಿದು ಹಿಟ್ಟು ಮಾಡ್ಕೊಂಡು ತಿಂತಿದ್ರು. ಇಲ್ಲಾಂದ್ರೆ ನೀರಲ್ಲಿ ನೆನೆಸಿ ಕುಡೀತಿದ್ರು. ನಿಂಬೆಹಣ್ಣು ಹಿಂಡಿದ ನೀರಲ್ಲಿ ಇದನ್ನ ಹಾಕ್ಕೊಂಡು ಕುಡಿಯೋದು ಅಲ್ಲಿ ಈಗಲೂ ಇದೆ. ಹಿಡಿಗಟ್ಟಲೆ ಒಣಗಿದ್ದನ್ನ ಬಾಯಿಗೆ ಸುರ್ಕೊಂಡು ಮಿಷನ್ ತುಳೀತಾ ಇರ್ಲಿಲ್ಲ."

ಮಾಸ್ಟರ್ ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿದರು. ಅಮ್ಮನಿಗೂ ನಗು ಬಂತು.

ಇಷ್ಟು ಹೊತ್ತಿಗೆ ಲೋಟದಲ್ಲಿ ನೀರು ನೀರಾಗಿ ಉಳಿದಿರಲಿಲ್ಲ. ಒಂದೊಂದು ಬೀಜದ ಸುತ್ತ ಪಾರದರ್ಶಕ ಲೋಳೆ ಕಟ್ಟಿತ್ತು. ನರ್ಸಮ್ಮ ಚಮಚ ಎತ್ತಿದರೆ ಲೋಳೆ ಜೋಲುತ್ತ ಮೆಲ್ಲಗೆ ಇಳಿಯಿತು. ಹೆಂಡತಿ ಬೆರಳಿನಿಂದ ಮುಟ್ಟಿ ನೋಡಿದರು.

"ತನ್ನ ತೂಕದ ಹತ್ತು ಪಟ್ಟು ನೀರು ಹೀರುತ್ತೆ ಇದು," ಎಂದರು ನರ್ಸಮ್ಮ. "ಲೋಟದಲ್ಲಿ ನೀರು ಸಿಕ್ಕಿದ್ರೆ ಲೋಟದಲ್ಲೇ ಊದಿಕೊಳ್ಳುತ್ತೆ. ಸಿಗ್ಲಿಲ್ಲ ಅಂದ್ರೆ ಗಂಟಲಲ್ಲಿ ಊದಿಕೊಳ್ಳುತ್ತೆ. ಕೆಳಗೆ ಇಳಿದ್ರೂ ಹೊಟ್ಟೇಲಿ ನೀರಿಲ್ಲದೆ ಗಟ್ಟಿ ಆಗುತ್ತೆ. ಅಣ್ಣನಿಗೆ ಉಬ್ಬರ ಬಂದಿದ್ದು ಅದಕ್ಕೇ. ಬೀಜದ್ದೇನೂ ತಪ್ಪಿಲ್ಲ."

"ಬೀಜದ ಪರ ವಕೀಲಿ ಮಾಡೋಕೆ ಬಂದ್ರಾ?"

"ಅದಕ್ಕೂ ಯಾರಾದ್ರೂ ಬೇಕಲ್ಲ ಅತ್ತಿಗೆ. ಕೇಳಿ. ಇದರಲ್ಲಿ ನಾರು ಜಾಸ್ತಿ. ನೀರಿನ ಜೊತೆ ಹೋದ್ರೆ ಹೊಟ್ಟೆ ಸಾಫಾಗೋಕೆ ಸಹಾಯ. ಮೀನಲ್ಲಿರೋ ಒಳ್ಳೆ ಕೊಬ್ಬು ಒಮೇಗಾ ತ್ರೀ ಅಂತಾರಲ್ಲ, ಅದರ ಒಂದು ಬಗೆ ಇದರಲ್ಲೂ ಇದೆ. ಮೂಳೆಗೆ ಬೇಕಾದ ಕ್ಯಾಲ್ಸಿಯಂ ಇದೆ. ಪ್ರೋಟೀನೂ ಇದೆ."

"ತೂಕ ಇಳಿಯುತ್ತಂತೆ. ಶುಗರೂ ಹೋಗುತ್ತಂತೆ. ಗುಂಡಿ ಅಂಗಡಿಯವನು ಹೇಳ್ತಿದ್ದ," ಮಾಸ್ಟರ್ ಪೇಪರಿನ ಹಿಂದಿನಿಂದ ಗೊಗ್ಗರು ದನಿಯಲ್ಲಿ ಹೇಳಿದರು.

"ಗುಂಡಿ ಅಂಗಡಿಯವರು ಗುಂಡಿ ಮಾರ್ಲಿ. ಅಷ್ಟೆಲ್ಲ ಆಗುತ್ತೆ ಅನ್ನೋಕೆ ಗಟ್ಟಿ ಸಾಕ್ಷಿ ಇಲ್ಲ. ಇದು ಆಹಾರ ಅಣ್ಣ, ಔಷಧಿ ಅಲ್ಲ. ಇದನ್ನ ತಿಂತೀನಿ ಅಂತ ಯಾವ ಮಾತ್ರೇನೂ ನಿಲ್ಲಿಸೋ ಹಾಗಿಲ್ಲ."

ಅಮ್ಮ ಸೆರಗಿನ ತುದಿ ತಿರುಗಿಸುತ್ತ ಕೇಳಿದರು. "ನಾನು ತಿನ್ನಬಹುದಾ? ನನಗೆ ಬೀಪಿ ಮಾತ್ರೆ ಇದೆ."

"ಡಾಕ್ಟ್ರನ್ನ ಒಂದು ಮಾತು ಕೇಳಿ ಶುರು ಮಾಡಿ. ಬೀಪಿ, ಶುಗರು, ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರೆಲ್ಲ ಕೇಳ್ಬೇಕು. ನುಂಗೋಕೆ ಕಷ್ಟ ಇರೋರಂತೂ ಕೇಳ್ದೆ ಮುಟ್ಟಬಾರದು."

"ಇವ್ರಿಗೆ ಮತ್ತೆ ಕೊಡಬಹುದಾ?" ಹೆಂಡತಿ ಕೇಳಿದರು. ದನಿ ಸ್ವಲ್ಪ ಮೆತ್ತಗಾಗಿತ್ತು.

"ಅದನ್ನ ನಾನು ಹೇಳೋ ಹಾಗಿಲ್ಲ ಅತ್ತಿಗೆ. ಗಂಟಲು ನೋಡಿದ ಡಾಕ್ಟ್ರೇ ಹೇಳ್ಬೇಕು. ಆದ್ರೆ ಒಂದು ಮಾತು. ಬೀಜ ತಿನ್ನಲಿ ಬಿಡಲಿ, ಅಣ್ಣ ನೀರು ಕುಡೀದಿದ್ರೆ ಈ ತೊಂದರೆ ಹೋಗಲ್ಲ. ಕೂತ ಜಾಗದಲ್ಲಿ ನೀರು ಇರಬೇಕು. ಎದ್ದು ಹೋಗಿ ಕುಡೀತೀನಿ ಅನ್ನೋದೆಲ್ಲ ಆಗದ ಮಾತು."

ಮಾಸ್ಟರ್ ಪೇಪರು ಇಳಿಸಿದರು. "ಆ ಕೋಣೆಗೆ ನೀರು ತರೋ ಹಾಗಿಲ್ಲಮ್ಮ."

ಹೆಂಡತಿ ಅತ್ತೆಯ ಕಡೆ ನೋಡಲಿಲ್ಲ. ನರ್ಸಮ್ಮ ಲೋಟ ತೊಳೆದಿಟ್ಟು ಹೊರಟರು.

ಗಂಟಲು ವಾಸಿಯಾಗಿ, ಡಾಕ್ಟರು ಇನ್ನೊಮ್ಮೆ ನೋಡಿ ಸರಿ ಇದೆ ಅಂದ ಮೇಲೆ ಮಾಸ್ಟರ್ ಕೆಲಸಕ್ಕೆ ಕೂತರು. ಸೀಮೆಸುಣ್ಣದಲ್ಲಿ "ಚಿಯಾ" ಎಂದು ಬರೆದಿದ್ದ ಕಪ್ಪು ಬಟ್ಟೆ ಇನ್ನೂ ಮೇಜಿನ ಮೇಲೇ ಇತ್ತು, ವಿಷಯ ತಿಳಿದ ಹೋಟೆಲಿನವರು ಕಾಯಲು ಒಪ್ಪಿದ್ದರು. ಅದನ್ನು ಬ್ರಷ್ಷಿನಿಂದ ಒರೆಸಿ ಮಿಷನ್ನಿಗೆ ಕೊಟ್ಟರು. ಹೆಂಡತಿ ಸ್ಟೂಲಿನ ಮೇಲೆ ಹುಕ್ಕು ಹಾಕುತ್ತಿದ್ದರು. ಒಳಬಾಗಿಲಲ್ಲಿ ಅಮ್ಮನ ಕುರ್ಚಿ ಖಾಲಿ ಇತ್ತು.

ಸ್ವಲ್ಪ ಹೊತ್ತಿಗೆ ಅಮ್ಮ ಬಂದರು. ಎರಡೂ ಕೈಯಲ್ಲಿ ನೀರು ತುಂಬಿದ ಸ್ಟೀಲ್ ಬಾಟಲಿ ಹಿಡಿದಿದ್ದರು. ಕುರ್ಚಿಯ ಹತ್ತಿರ ನಿಲ್ಲದೆ, ಬಾಗಿಲು ದಾಟಿ, ಮೇಜು ಸುತ್ತಿ ಬಂದು, ಅದನ್ನು ಮಿಷನ್ನಿನ ಪಕ್ಕದ ಕಿಟಕಿ ಕಟ್ಟೆಯ ಮೇಲೆ ಇಟ್ಟರು.

ಮಾಸ್ಟರ್ ಕಾಲು ನಿಂತಿತು. "ಅಮ್ಮ, ಅಪ್ಪ ಹೇಳಿದ್ದು..."

"ನಿಮ್ಮಪ್ಪ ಇದ್ದಿದ್ರೆ ಆ ದಿನ ಬಟ್ಟೆ ಬಿಟ್ಟು ಆಟೋ ಹಿಂದೆ ಓಡ್ತಿದ್ರು," ಎಂದರು ಅಮ್ಮ. "ನಾನು ಅನ್ನದ ಉಂಡೆ ಹಿಡ್ಕೊಂಡು ಇಲ್ಲೇ ನಿಂತಿದ್ದೆ. ನೀನು ವಾಪಸ್ ಬರೋವರೆಗೂ ನಿಂತೇ ಇದ್ದೆ. ಬಟ್ಟೆ ನೆಂದ್ರೆ ನಾನು ಒಣಗಿಸ್ತೀನಿ ಮಗನೇ. ಮುಚ್ಚಳ ತೆಗಿ, ಕುಡಿ."

ಮಾಸ್ಟರ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಬಾಟಲಿಯ ಮುಚ್ಚಳ ತಿರುಗಿಸಿ ಕುಡಿದು, ಮತ್ತೆ ಬಿಗಿಯಾಗಿ ಮುಚ್ಚಿಟ್ಟರು. ಬಟ್ಟೆಯ ಮೇಲೆ ಒಂದು ಹನಿಯೂ ಬೀಳಲಿಲ್ಲ. ಅಮ್ಮ ಅದನ್ನೂ ನೋಡಿಕೊಂಡೇ ಹೋದರು.

ಡಾಕ್ಟರು ಒಪ್ಪಿದ ಮೇಲೆ ಆ ಮನೆಯಲ್ಲಿ ಈಗ ಮಾಸ್ಟರಿಗಾಗಿ ಒಂದು ಚಮಚ ಚಿಯಾ ರಾತ್ರಿ ನೀರಿನ ಲೋಟದಲ್ಲಿ ನೆನೆಯುತ್ತದೆ. ನೆನೆಹಾಕುವವರು ಮಾಸ್ಟರ್ ಹೆಂಡತಿ. ಹಕ್ಕಿ ಕಾಳು ಅನ್ನುವುದನ್ನು ಮಾತ್ರ ಅವರು ಬಿಟ್ಟಿಲ್ಲ. ಗುಂಡಿ ಡಬ್ಬಿಯ ಆ ಖಾನೆಗೆ ಹುಕ್ಕು ತುಂಬಿಸಿದ್ದಾರೆ.

ಓದಿದವರಲ್ಲಿ ನಮ್ಮದೊಂದು ಕೋರಿಕೆ. ಚಿಯಾ ತಿನ್ನುವುದಾದರೆ ಚೆನ್ನಾಗಿ ನೆನೆಸಿ ತಿನ್ನಿ. ಅರ್ಧ ಗಂಟೆಯಾದರೂ ನೆನೆಯಲಿ, ರಾತ್ರಿಯಿಡೀ ಇದ್ದರೆ ಇನ್ನೂ ಒಳ್ಳೆಯದು. ಮೊದಮೊದಲು ಒಂದು ಸಣ್ಣ ಚಮಚ ಸಾಕು. ಮಕ್ಕಳ ಕೈಗೆ, ವಯಸ್ಸಾದವರ ಕೈಗೆ ಒಣ ಬೀಜ ಕೊಡಬೇಡಿ. ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ. ಗಂಟಲಲ್ಲಿ ಏನಾದರೂ ಸಿಕ್ಕಿ ಉಗುಳೂ ಇಳಿಯದಿದ್ದರೆ ನೀರು, ಅನ್ನ, ಬಾಳೆಹಣ್ಣು ಯಾವುದನ್ನೂ ನುಂಗಿಸಬೇಡಿ, ನೇರ ಆಸ್ಪತ್ರೆಗೆ ಹೋಗಿ. ವೀಡಿಯೊ ನೋಡಿದರೆ ಪೂರ್ತಿ ನೋಡಿ, ಪ್ಯಾಕೆಟ್ಟಿನ ಹಿಂದಿನ ಸಣ್ಣ ಅಕ್ಷರವನ್ನೂ ಓದಿ.

ಇದನ್ನು ಕೂತಲ್ಲೇ ಓದುತ್ತಿದ್ದರೆ ನಿಮ್ಮ ಕೈಗೆಟಕುವ ಹಾಗೆ ನೀರು ಇದೆಯೇ, ಒಮ್ಮೆ ನೋಡಿ. ಇಲ್ಲದಿದ್ದರೆ ಈಗಲೇ ಎದ್ದು ಹೋಗಿ ತಂದಿಟ್ಟುಕೊಳ್ಳಿ. ಕೈಯಲ್ಲಿರುವ ಕೆಲಸ ಅಷ್ಟು ಹೊತ್ತು ಕಾಯುತ್ತದೆ.